ಅತ್ತಿಗೆಯನ್ನು ಉಗ್ರಾಣದಿಂದ ಬಿಡುಗಡೆ ಮಾಡಿದ್ದು

ನನ್ನ ಗಂಡನ ಮನೆಯ ಕಡೆ ಮದುವೆಯಿರಲಿ, ತಿಥಿಯಿರಲಿ, ನೆಂಟರಿಗೆ ಯಾರೂ ಕೆಲಸ ಹೇಳುವುದಿಲ್ಲ. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡ ಮನೆತನ ಇದು. ಮದುವೆಯಾಗಿ ಬಂದ ಹೊಸತರಲ್ಲಿ ನನಗೆ ಈ ಪದ್ಧತಿ ಅರ್ಥವೇ ಆಗುತ್ತಿರಲಿಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಶಾಲೆಯ ಹಬ್ಬ ಬಂದರೆ ಸಿಸ್ಟರ್ ಒಬ್ಬರು ಬೋರ್ಡಿನ ಮೇಲೆ ದುಂಡಗೆ ಬರೆದುಬಿಡುತ್ತಿದ್ದರು: ಹೂದಾನಿ ಇಂಥವಳು, ಕುರ್ಚಿ ಇಂಥವಳು, ಬಾಗಿಲಲ್ಲಿ ನಿಂತು ನಗುವುದು ಇಂಥವಳು. ನಾನು ಹೆಚ್ಚಾಗಿ ನಗುವ ಕೆಲಸದಲ್ಲೇ ಇರುತ್ತಿದ್ದೆ. ಇಲ್ಲಿ ಬೋರ್ಡಿಲ್ಲ, ಹೇಳುವವರಿಲ್ಲ. ನೆಂಟರು ಬರುತ್ತಾರೆ, ಚಪ್ಪಲಿ ಬಿಡುತ್ತಾರೆ, ಸೆರಗು ಸಿಕ್ಕಿಸಿಕೊಂಡು ತಂತಮ್ಮ ಜಾಗಕ್ಕೆ ಹೋಗಿ ನಿಲ್ಲುತ್ತಾರೆ. ಅಪ್ಪಿತಪ್ಪಿ ಯಾರಾದರೂ "ನೀವು ಸ್ವಲ್ಪ ಎಲೆ ಒರೆಸ್ತೀರಾ?" ಎಂದರೆ, ಅವರು ಎಲೆಯನ್ನೇನೋ ಒರೆಸುತ್ತಾರೆ, ಮುಂದಿನ ಮದುವೆಗೆ ಬರುವುದಿಲ್ಲ.

ಉಗ್ರಾಣ ನನ್ನ ಅತ್ತಿಗೆಯದು. ಅತ್ತಿಗೆ ಅಂದರೆ ನನ್ನವರ ಅಕ್ಕ, ಸಿದ್ದಾಪುರದಲ್ಲಿದ್ದಾರೆ. ಈಗ ಮದುವೆಗಳು ಛತ್ರಕ್ಕೆ ಹೋಗಿವೆ, ಅಡುಗೆಯವರು ತಂಡ ಕಟ್ಟಿಕೊಂಡು ಬರುತ್ತಾರೆ. ಆದರೂ ದಿನಸಿ ನಾವೇ ತರಬೇಕು, ದಿನಸಿ ಇಟ್ಟ ಕೋಣೆಯ ಬಾಗಿಲಲ್ಲಿ ಅತ್ತಿಗೆ ಕೂರಬೇಕು. ಅಡುಗೆಯವರ ಕಡೆಯವನು ಬಂದು ತುಪ್ಪ ಕೇಳಿದರೆ ಅವರು ಅವನ ಮುಖ ನೋಡುವುದಿಲ್ಲ, ಕೈಯಲ್ಲಿರುವ ಪಾತ್ರೆ ನೋಡುತ್ತಾರೆ. ಪಾತ್ರೆ ದೊಡ್ಡದಾಗಿದ್ದರೆ ಚಿಕ್ಕದು ತರಲು ಕಳಿಸುತ್ತಾರೆ. ಅವರು ಕೂತ ಮದುವೆಯಲ್ಲಿ ಗೋಡಂಬಿ ಕೊನೆಯ ಪಂಕ್ತಿಯ ಪಾಯಸದಲ್ಲೂ ಸಿಗುತ್ತದೆ. ಇದು ನಮ್ಮ ಬಂಧುಬಳಗದಲ್ಲಿ ಎಲ್ಲರೂ ಒಪ್ಪಿದ ಮಾತು.

ಇನ್ನು ನನ್ನ ಮಗಳು. ಮಹಡಿಯ ಕೋಣೆಯಲ್ಲಿ ಕೂತು ಮನೆಯಿಂದಲೇ ಕೆಲಸ ಮಾಡುತ್ತಾಳೆ. ದೊಡ್ಡ ದೊಡ್ಡ ಕಂಪನಿಗಳಲ್ಲಿ ಯಾವ ಪ್ರಾಜೆಕ್ಟಿಗೆ ಯಾರು, ಯಾವ ರೋಲಿಗೆ ಯಾರು, ಪೂರ್ತಿ ಸಮಯವೋ ಅರ್ಧ ಸಮಯವೋ ಎಂದು ಹಂಚಿಕೊಡುವ ಸಾಫ್ಟ್‌ವೇರ್ ಅವರದು. ಅದರಲ್ಲಿ ಇವಳ ಪಾಲಿಗೆ ಬಂದಿರುವುದು ಎಪಿಐ ಎನ್ನುವ ಭಾಗ. ಅದೇನೆಂದು ಒಂದು ದಿನ ಚಕ್ಕುಲಿ ಒತ್ತುತ್ತಾ ಕೇಳಿದೆ. ಅವಳು ವಿವರಿಸಿದ್ದನ್ನು ನಾನು ನಮ್ಮ ಶಾಲೆಯ ಆಫೀಸಿನ ಕಿಟಕಿಗೆ ಹೋಲಿಸಿಕೊಂಡೆ. ಆ ಕಿಟಕಿಗೆ ಸರಿಸುವ ಹಲಗೆಯಿತ್ತು. ಚೀಟಿಯಲ್ಲಿ ಹೇಳಿದ ಕ್ರಮದಲ್ಲೇ ಬರೆದು ಒಳಗೆ ತಳ್ಳಬೇಕು. ಎಲ್ಲ ಸರಿಯಿದ್ದರೆ ಕೆಲಸವಾಗುತ್ತದೆ, ಒಂದು ಪದ ಬಿಟ್ಟಿದ್ದರೂ ಚೀಟಿ ವಾಪಸ್ಸು. ಒಳಗೆ ಯಾರಿದ್ದಾರೆಂದು ಕಾಣುವುದಿಲ್ಲ, ಅವರೊಂದಿಗೆ ವಾದ ಮಾಡುವಂತಿಲ್ಲ.

"ಅದೇ ಅಮ್ಮ, ಕರೆಕ್ಟ್!" ಎಂದಳು ಮಗಳು. ಜೀವನದಲ್ಲಿ ಅವಳು ನನಗೆ ಕರೆಕ್ಟ್ ಎಂದ ಸಂದರ್ಭಗಳು ಕಡಿಮೆ, ಹಾಗಾಗಿ ನೆನಪಿದೆ.

ಆಗ ಅವಳ ಮದುವೆ ಗೊತ್ತಾಗಿತ್ತು. ಕಾಫಿ ಕೊಯ್ಲು ಮುಗಿದು ಗಿಡ ಹೂ ಬಿಡಿಸುವ ಹೂಮಳೆಯೂ ಬಿದ್ದು ಎಲ್ಲರೂ ಬಿಡುವಾಗಿದ್ದ ಕಾಲ. ಅವಳಿಗೆ ಆಫೀಸಿನಲ್ಲಿ ಒಂದು ಪರೀಕ್ಷೆ ಮಾಡುವ ಕೆಲಸ ಬಂದಿತ್ತು: ಒಬ್ಬರನ್ನು ಒಂದು ರೋಲಿಗೆ ಹಾಕುವುದು, ಆಮೇಲೆ ಅವರನ್ನು ತೆಗೆದು ಇನ್ನೊಬ್ಬರನ್ನು ಹಾಕುವುದು, ಎಲ್ಲ ನೆಟ್ಟಗೆ ನಡೆಯುತ್ತದೆಯೇ ಎಂದು ನೋಡುವುದು.

"ಯಾರ ಹೆಸ್ರು ಹಾಕ್ತೀಯ?" ಎಂದೆ.

"ಟೆಸ್ಟ್ ಒನ್, ಟೆಸ್ಟ್ ಟೂ ಅಂತ ಹಾಕಿ ಹಾಕಿ ಬೇಜಾರಾಯ್ತು. ನಮ್ ಮದ್ವೆನೇ ಪ್ರಾಜೆಕ್ಟ್ ಮಾಡ್ಬಿಟ್ಟೆ ಅಮ್ಮ. ನಮ್ಮೋರೆಲ್ಲ ಅದ್ರಲ್ಲಿದಾರೆ."

ಇಣುಕಿ ನೋಡಿದೆ. ನಿಜವಾಗಿಯೂ ಎಲ್ಲರೂ ಇದ್ದೆವು. ಫೋನ್ ನಂಬರ್ ಕೊಡದೆ ಆ ಕಿಟಕಿ ಯಾರನ್ನೂ ಒಳಗೆ ಬಿಡುವುದಿಲ್ಲವಂತೆ, ಅದನ್ನೂ ಕೊಟ್ಟಿದ್ದಳು. ಪ್ರತಿಯೊಬ್ಬರಿಗೂ ಏನು ಬರುತ್ತದೆ ಎಂದೂ ಬರೆಯಬೇಕು. ಸುಂಟಿಕೊಪ್ಪದ ಚಿಕ್ಕಮಾವನ ಎದುರು "ಡ್ರೈವಿಂಗ್" ಎಂದಿತ್ತು. ಅತ್ತಿಗೆಯ ಎದುರು "ಎಲ್ಲ" ಎಂದಿತ್ತು. ನನ್ನ ಎದುರು "ಇಂಗ್ಲಿಷ್, ಹೂ ಜೋಡಿಸುವುದು, ತಾಳ್ಮೆ" ಎಂದಿತ್ತು. ಮನಸ್ಸಿಗೆ ಹಿತವಾಗಿ ಒಳಗೆ ಹೋಗಿ ಚಕ್ಕುಲಿ ಕರಿದೆ.

ಆ ಬಾಂಡಲೆ ಇಳಿಸುವಷ್ಟರಲ್ಲಿ ಚಿಕ್ಕಮಾವನ ಫೋನ್ ಬಂತು. ಅವರು ನನ್ನವರ ಚಿಕ್ಕಪ್ಪ. ಫೋನಿನಲ್ಲಿ ಮಾತಾಡುವಾಗ ಸುಂಟಿಕೊಪ್ಪದಿಂದ ಕುಶಾಲನಗರಕ್ಕೆ ನೇರ ಕೂಗಿ ಹೇಳುವಂತೆ ಮಾತಾಡುತ್ತಾರೆ.

"ಏನವ್ವಾ, ನಂಗೆ ಪಾರ್ಕಿಂಗ್ ಅಂತ ಬಂದೈತೆ! ನೂರು ಪರ್ಸೆಂಟ್ ಅಂತೆ! ಊಟಕ್ಕಾದ್ರೂ ಬಿಡ್ತೀರೋ ಇಲ್ವೋ?"

"ಏನು ಬಂದಿದೆ ಮಾವ?"

"ಮೆಸೇಜು ಕಣವ್ವ. ಒಪ್ಗೊಳಿ ಅಂತಿತ್ತು, ಒತ್ಬುಟ್ಟೆ. ಸೀಟಿ ನೀವು ತರ್ಬೇಡಿ, ನಮ್ ಮೊಮ್ಮಗನ್ದು ಐತೆ."

ಮಗಳ ಕೈಯಲ್ಲಿದ್ದ ಚಕ್ಕುಲಿ ಬಾಯಿಯ ಹತ್ತಿರ ಹೋಗಿ ಅಲ್ಲೇ ನಿಂತಿತು. ಪರೀಕ್ಷೆಗೆಂದು ಇಟ್ಟ ಜಾಗದಿಂದ ಮೆಸೇಜು ಹೊರಗೆ ಹೋಗಬಾರದಂತೆ. ಆದರೆ ಆಫೀಸಿನಲ್ಲಿ ಇನ್ನಾರೋ ಇನ್ನಾವುದೋ ಪರೀಕ್ಷೆಗೆ ಆ ಹೊರದಾರಿಯನ್ನು ತೆರೆದಿಟ್ಟು ಮರೆತಿದ್ದರಂತೆ.

"ಅಮ್ಮ, ಅತ್ತೆಗೂ ಹೋಗಿರುತ್ತೆ."

"ಹೋದ್ರೆ ಹೋಗ್ಲಿ ಬಿಡು. ಉಗ್ರಾಣ ಅಂತ ತಾನೆ?"

"ಮೊದ್ಲು ಉಗ್ರಾಣ ಅಂತ ಹೋಗಿರುತ್ತೆ. ಆಮೇಲೆ… ತೆಗ್ದು ಬೇರೆಯವ್ರನ್ನ ಹಾಕಿ ನೋಡಿದ್ನಲ್ಲ."

"ಯಾರನ್ನ?"

"ನಿನ್ನ."

ಮೆಸೇಜಿನ ಒಕ್ಕಣೆಯನ್ನು ಅವಳು ತೋರಿಸಿದಳು. "ನಿಮ್ಮನ್ನು ಉಗ್ರಾಣ ಹೊಣೆಯಿಂದ ಬಿಡುಗಡೆ ಮಾಡಲಾಗಿದೆ. ನಿಮ್ಮ ಬದಲಿಗೆ" ಎಂದು ನನ್ನ ಹೆಸರು. ಕೆಳಗೆ, "ಈವರೆಗಿನ ನಿಮ್ಮ ಕೊಡುಗೆಗಾಗಿ ಧನ್ಯವಾದಗಳು." ಎಷ್ಟು ಮರ್ಯಾದೆಯ ಮಾತು! ನಮ್ಮ ಸಿಸ್ಟರ್ ನೋಡಿದ್ದರೆ ಮೆಚ್ಚುತ್ತಿದ್ದರು. ಆದರೆ ಓದಿರುವವರು ಅತ್ತಿಗೆ.

"ಬೇಗ ವಾಪಸ್ ಹಾಕು."

"ಹಾಕ್ದೆ. ತಗೊಳ್ತಿಲ್ಲ. ಒಂದ್ಸಲ ಬಿಡುಗಡೆ ಮಾಡಿದೋರನ್ನ ಅದೇ ರೋಲ್‌ಗೆ ಹಾಕ್ಬೇಕಾದ್ರೆ ಪ್ರಾಜೆಕ್ಟ್ ಓನರ್ ಒಪ್ಪಿಗೆ ಕೊಡ್ಬೇಕು."

"ಓನರ್ ಯಾರು?"

"ಅಪ್ಪ. ಹೆಣ್ಣಿನ ಅಪ್ಪ ಅಲ್ವಾ ಅಂತ ಹಾಕಿದ್ದೆ. ಅಪ್ಪನ ಇಮೇಲ್‌ಗೆ ಹೋಗಿದೆ."

ನನ್ನವರ ಇಮೇಲು ಬ್ಯಾಂಕಿನವರ ಕಾಟಕ್ಕೆ ಯಾವಾಗಲೋ ಮಾಡಿಸಿದ್ದು. ಅದರ ಪಾಸ್‌ವರ್ಡ್ ದೇವರಿಗೆ ಗೊತ್ತು, ಅವರಿಗೆ ಗೊತ್ತಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅತ್ತಿಗೆ ದಿನವೂ ಫೋನ್ ಮಾಡುತ್ತಾರೆ. ಅವತ್ತು ಮಾಡಲಿಲ್ಲ. ಮಾರನೆಯ ದಿನವೂ ಇಲ್ಲ. ನನ್ನವರೇ ಮಾಡಿದರು, ಭಾವ ಎತ್ತಿಕೊಂಡರು. ಅತ್ತಿಗೆಯ ಯಜಮಾನರು. "ಅವ್ಳು ತೋಟಕ್ಕೆ ಹೋಗವ್ಳೆ ಕಣಪ್ಪ" ಎಂದರು. ಹಿಂದಿನಿಂದ ಅತ್ತಿಗೆಯ ದನಿ ಸ್ಪಷ್ಟವಾಗಿ ಕೇಳಿಸಿತು: "ಇನ್ನೂ ಬಂದಿಲ್ಲ ಅನ್ರಿ."

ಸಂಗತಿ ಸಣ್ಣದಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಚಪ್ಪರದ ದಿನ ಮದುಮಗಳಿಗೆ ಮೊದಲ ಅರಿಶಿನ ಹಚ್ಚಬೇಕಾದವರು ಸೋದರತ್ತೆ. ಇವಳಿಗಿರುವ ಸೋದರತ್ತೆ ಒಬ್ಬರೇ. "ಅತ್ತೆ ಬರ್ದೆ ಇದ್ರೆ ನಾನು ಅರಿಶಿನನೇ ಹಚ್ಚಿಸ್ಕೊಳಲ್ಲ" ಎಂದು ಮಗಳು ಲ್ಯಾಪ್‌ಟಾಪ್ ಮುಚ್ಚಿ ಕೂತಳು. ಅಷ್ಟರಲ್ಲಿ ಚಿಕ್ಕಮಾವ ತಮ್ಮ ಪಾರ್ಕಿಂಗಿನ ಖುಷಿಯಲ್ಲಿ ಬಳಗಕ್ಕೆಲ್ಲ ಫೋನ್ ಮಾಡಿ ಯಾರು ಯಾರಿಗೆ ಏನೇನು ಬಂದಿದೆ ಎಂದು ವಿಚಾರಿಸಿದ್ದರು. ಸೊಸೆ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದವಳು ಮಗಳ ಮದುವೆಗೆ ಕಾದು ಉಗ್ರಾಣ ಹಿಡಿದಳು ಎಂದು ಸುದ್ದಿಯಾಯಿತು. ನಿಜ ಹೇಳಬೇಕೆಂದರೆ ಉಗ್ರಾಣವೆಂದರೆ ನನಗೆ ಭಯ. ಯಾರಾದರೂ ತುಪ್ಪ ಕೇಳಿದರೆ ನಾನು ಡಬ್ಬವನ್ನೇ ಕೊಟ್ಟು "ಸಾಕಾ?" ಎನ್ನುವವಳು.

ಮೂವರೂ ಸಿದ್ದಾಪುರಕ್ಕೆ ಹೊರಟೆವು. ಹಣ್ಣು, ಹೂ, ಅರಿಶಿನ ಕುಂಕುಮ ತಟ್ಟೆಯಲ್ಲಿ. ಗುಡ್ಡೆಹೊಸೂರಿನಲ್ಲಿ ತಿರುಗಿದ ಮೇಲೆ ನನ್ನವರು ಒಂದೇ ಮಾತಾಡಿದ್ದು: "ಅಕ್ಕ ಏನಂದ್ರೂ ನಾನು ಮಧ್ಯೆ ಬರಲ್ಲ."

ಭಾವ ಜಗುಲಿಯ ಬೆಂಚಿನ ಮೇಲಿದ್ದರು. ಎಸ್ಟೇಟಿನಲ್ಲಿ ರೈಟರಾಗಿ ನಿವೃತ್ತರಾದವರು. ಬೆಳಬೆಳಗ್ಗೆ ಆಳುಗಳ ಹೆಸರು ಕೂಗಿ ಯಾರು ಕೊಯ್ಲಿಗೆ, ಯಾರು ಕಣಕ್ಕೆ ಎಂದು ಕೆಲಸ ಹಂಚುತ್ತಿದ್ದವರು. ನಮ್ಮನ್ನು ಕಂಡು ಎದ್ದರು, ಒಳಗೆ ನೋಡಿದರು, ಮತ್ತೆ ಕೂತರು.

ಅತ್ತಿಗೆ ಕಾಫಿ ತಂದರು. ತಮ್ಮನಿಗೆ ಲೋಟ, ಸೊಸೆ ಮಾಡಿಕೊಳ್ಳಬೇಕೆಂದು ಒಂದು ಕಾಲದಲ್ಲಿ ತಾವೇ ಆಸೆಪಟ್ಟಿದ್ದ ನನ್ನ ಮಗಳಿಗೆ ಲೋಟ. ನನಗೆ ಹೂವಿನ ಚಿತ್ರದ ಪಿಂಗಾಣಿ ಕಪ್ಪು, ಕೆಳಗೆ ಸಾಸರು, ಸಾಸರಿನ ಮೇಲೆ ಚಮಚ. ಆ ಮನೆಯಲ್ಲಿ ನಾನು ಕಪ್ಪಿನಲ್ಲಿ ಕುಡಿದವಳೇ ಅಲ್ಲ. ಒಲೆಯ ಪಕ್ಕ ನಿಂತು ಸ್ಟೀಲ್ ಲೋಟದಲ್ಲಿ ಕುಡಿದವಳು. ಆ ಕಪ್ಪು ಪಂಚಾಯಿತಿಯವರು ಬಂದರೆ ಮಾತ್ರ ಕೆಳಗಿಳಿಯುತ್ತಿತ್ತು.

"ಕುಡೀರಿ," ಎಂದರು ಅತ್ತಿಗೆ, ನನಗೆ ಬಹುವಚನ. "ಉಗ್ರಾಣದೋರು ಬಂದಿದೀರ. ನಮ್ಮನೆ ಸಕ್ರೆ ಸಾಕೋ ಸಾಲ್ದೋ ನೋಡಿ ಹೇಳಿ."

"ಅತ್ತೆ, ಅದು ಟೆಸ್ಟ್ ಮಾಡಿದ್ದು," ಎಂದಳು ಮಗಳು.

"ಟೆಸ್ಟಾ? ನನ್ನ ಟೆಸ್ಟ್ ಮಾಡೋದೆಲ್ಲ ನಿಮ್ಮಜ್ಜಿ ಇರೋವಾಗ್ಲೇ ಮಾಡಿ ಮುಗ್ಸಿದಾಳೆ. ನೀನಿನ್ನೂ ಹುಟ್ಟಿರ್ಲಿಲ್ಲ."

ಭಾವ ಗಂಟಲು ಸರಿಮಾಡಿಕೊಂಡರು. "ಬಿಡುಗಡೆ ಅಂದ್ರೆ ಸಣ್ಣ ಮಾತಲ್ಲ ಮಗಾ. ಹಾಜರಿ ಬರೆಯೋ ಚೆಕ್‌ರೋಲಲ್ಲಿ ಹೆಸ್ರು ಹೊಡೆದಂಗೆ. ನಾನು ಒಬ್ಬ ಆಳಿನ ಹೆಸ್ರು ಹೊಡೀಬೇಕಾದ್ರೂ ಅವ್ರ ಲೈನ್ ಮನೆಗೆ ಹೋಗಿ, ಮುಖ ನೋಡಿ ಹೇಳಿ ಬತ್ತಿದ್ದೆ."

"ಇವರು ಆಳುಗಳಿಗೆ ಕೆಲ್ಸ ಹಂಚಿ ಬಂದು ಮನೇಲಿ ನನ್ ಕೈಲಿ ಕಾಫಿ ಕುಡೀತಿದ್ರು," ಎಂದರು ಅತ್ತಿಗೆ. "ಈಗ ತವರು ಮನೆಯೋರು ನನ್ನನ್ನೇ ಸಾಲಲ್ಲಿ ನಿಲ್ಸಿ ಹೆಸ್ರು ಕೂಗ್ತಾವ್ರೆ. ಅದೂ ಕೂಗಿದ್ದು ಯಾಕೆ? ನೀನು ಬೇಡ ಅನ್ನಕ್ಕೆ."

"ನಂಗಂತೂ ಏನೂ ಬಂದಿಲ್ಲಪ್ಪ," ಎಂದರು ಭಾವ. ಅದರಲ್ಲಿ ಸ್ವಲ್ಪ ದೂರೂ ಇತ್ತು.

"ನೀವು ಸುಮ್ನಿರಿ. ಬಂದಿರೋದೇ ಸಾಕಾಗದೆ."

ಅತ್ತಿಗೆ ಎದ್ದು ಒಳಗೆ ಹೋದರು. ನನ್ನವರು ಎದುರಿನ ಗುಡ್ಡವನ್ನು ನೋಡುತ್ತಾ ಕೂತಿದ್ದರು, ಅಲ್ಲಿ ಯಾರೋ ಕರೆದಿದ್ದಾರೆ ಎನ್ನುವ ಹಾಗೆ. ನಾನು ಕಪ್ಪು, ಸಾಸರು, ಚಮಚ ಮೂರನ್ನೂ ಅಲುಗಾಡದಂತೆ ಹಿಡಿದು ಅಡುಗೆಮನೆಗೆ ಹೋದೆ.

ಅಡುಗೆಮನೆಯ ಕಿಟಕಿಯ ಕಂಬಿಗೆ ಬಟ್ಟೆಯ ಚಿಕ್ಕ ಚಿಕ್ಕ ಚೀಲಗಳು ಸಾಲಾಗಿ ನೇತುಬಿದ್ದಿದ್ದವು. ಹಳೆಯ ವಾಯಲ್ ಸೀರೆ ಕತ್ತರಿಸಿ ಹೊಲಿದವು, ಬಾಯಿಗೆ ಲಾಡಿ. ಒಂದೊಂದರ ಮೇಲೂ ಕೆಂಪು ದಾರದಲ್ಲಿ ಗುರುತು: ಒಂದರಲ್ಲಿ ಮೆಣಸಿನಕಾಯಿ, ಒಂದರಲ್ಲಿ ಲವಂಗ, ಒಂದರಲ್ಲಿ ದ್ರಾಕ್ಷಿಯೋ ಗೋಡಂಬಿಯೋ ತಿಳಿಯದ ಏನೋ ಒಂದು. ಮಣೆಯ ಮೇಲೆ ಅರ್ಧ ಹೊಲಿದ ಚೀಲವೊಂದಿತ್ತು, ಸೂಜಿ ಅದರಲ್ಲೇ ಚುಚ್ಚಿಕೊಂಡಿತ್ತು. ನೆಲದ ಮೇಲೆ ದಾರದ ಚೂರುಗಳು. ಅತ್ತಿಗೆ ಬೆಳಗ್ಗೆ ಗುಡಿಸಿದರೆ ಮಧ್ಯಾಹ್ನ ಮತ್ತೊಮ್ಮೆ ಗುಡಿಸುವವರು. ಅವರ ಮನೆಯಲ್ಲಿ ನಿನ್ನೆಯ ದಾರ ಇವತ್ತು ಇರಲಾರದು. ಮುನಿಸಿನಲ್ಲಿ ಫೋನು ನಿಂತಿದ್ದರೂ ಮದುವೆಯ ಉಗ್ರಾಣಕ್ಕೆಂದು ಹಿಡಿದ ಹೊಲಿಗೆ ನಿಂತಿರಲಿಲ್ಲ.

ನಾನು ಚೀಲಗಳ ಬಗ್ಗೆ ಏನೂ ಅನ್ನಲಿಲ್ಲ. ಕಪ್ಪನ್ನು ಕಟ್ಟೆಯ ಮೇಲಿಟ್ಟು, ಬಾಯಿಗೆ ಬಂದದ್ದನ್ನು ಕೇಳಿದೆ.

"ಅತ್ತಿಗೆ, ಬೆಲ್ಲ ಅಚ್ಚು ತರ್ಸೋದೋ, ಉಂಡೆ ತರ್ಸೋದೋ?"

ಹಾಲು ಕಲಕುತ್ತಿದ್ದ ಕೈ ನಿಂತಿತು. ಆಮೇಲೆ, ಒಲೆಯ ಕಡೆಗೇ ಮುಖ ಮಾಡಿಕೊಂಡು:

"ಉಂಡೆ ಅಂತ ಯಾರಂದ್ರು?"

"ಅಡುಗೆಯೋರು."

"ಅವನಿಗೇನ್ ಗೊತ್ತು? ಉಂಡೆ ತಂದ್ರೆ ಒಡೆಯೋರ್ಯಾರು, ಅವರಪ್ಪ ಬತ್ತಾನಾ? ಅಚ್ಚೇ ತರ್ಸು. ಕರೀದಿರ್ಲಿ, ಬಿಳೀದು ತಂದ್ರೆ ಪಾಯಸ ಒಡೆಯುತ್ತೆ. ಎಣ್ಣೆ ಈಗ್ಲೇ ತರ್ಸಿಟ್ಟಿಲ್ಲ ತಾನೆ?"

"ತರ್ಸಿದೀವಿ."

"ಅಯ್ಯೋ ನನ್ ಕರ್ಮ! ಬಿಸ್ಲಿಗಿಟ್ಟಿದೀಯೋ ಏನೋ! ನಿನ್ ಕೈಗೆ ಉಗ್ರಾಣ ಕೊಟ್ರೆ ಗಂಡಿನ ಕಡೆಯೋರು ನೀರು ಕುಡ್ಕಂಡು ಹೋಗ್ತಾರೆ ಅಷ್ಟೆ." ನನ್ನ ಕಪ್ಪಿನಲ್ಲಿದ್ದ ಕಾಫಿಯನ್ನು ಮೋರಿಗೆ ಸುರಿದರು. "ಆರೋಗದೆ. ತಡಿ." ಸ್ಟೀಲ್ ಲೋಟಕ್ಕೆ ಬಿಸಿ ಕಾಫಿ ಬಗ್ಗಿಸಿ, ಒಲೆಯ ಪಕ್ಕ ಇಟ್ಟರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಜಗುಲಿಗೆ ಬಂದು ಅತ್ತಿಗೆ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ನಾನು ಬತ್ತೀನಿ. ಆದ್ರೆ ಬಳಗದೋರ ಬಾಯಲ್ಲೆಲ್ಲ ನಾನು ಬಿಡುಗಡೆ ಆಗಿದೀನಿ. ಈಗ ನೀವು ಬಾಯಲ್ಲಿ ಬಾ ಅಂದ್ರೆ ಆಗಲ್ಲ. ಯಾವ ಮಿಷಿನ್ ತೆಗೀತೋ ಅದೇ ಮಿಷಿನ್ ಹಾಕ್ಬೇಕು."

ಮಗಳು ಸಣ್ಣ ದನಿಯಲ್ಲಿ ಅಂದಳು, "ಅದಕ್ಕೆ ಅಪ್ಪ ಒಪ್ಪಿಗೆ ಕೊಡ್ಬೇಕು ಅತ್ತೆ."

"ಯಾರು? ಇವನಾ? ನಾನು ಉಗ್ರಾಣಕ್ಕೆ ಬರಕ್ಕೆ ಇವನ ಒಪ್ಪಿಗೆ ಬೇಕಾ? ಇವನಿಗೆ ಚಡ್ಡಿಯ ಹಿಂದು ಮುಂದು ತೋರ್ಸಿ ಕಲ್ಸಿದ್ದು ನಾನು!"

"ಅಕ್ಕ, ಮಕ್ಕಳ ಮುಂದೆ…" ಎಂದರು ನನ್ನವರು.

ಆ ಮನೆಯಲ್ಲಿ ಫೋನಿಗೆ ಇಂಟರ್ನೆಟ್ ಸಿಗುವುದು ಹಿತ್ತಲಿನ ಸಿಲ್ವರ್ ಓಕ್ ಮರದ ಬುಡದಲ್ಲಿ ಮಾತ್ರ. ಐವರೂ ಅಲ್ಲಿಗೆ ಹೋದೆವು. ಮೆಣಸಿನ ಬಳ್ಳಿ ಹಬ್ಬಿದ ಮರ, ಸುತ್ತ ನಾವು, ನಡುವೆ ಕನ್ನಡಕ ಮೂಗಿನ ತುದಿಗೆ ತಂದುಕೊಂಡ ನನ್ನವರು. ಮಗಳು ಹೊಸ ಪಾಸ್‌ವರ್ಡ್ ಮಾಡಿಕೊಟ್ಟು ಇಮೇಲು ತೆಗೆದಳು. ಒಪ್ಪಿಗೆಯ ಗುಂಡಿ ಒತ್ತಿದರೆ ಅದು ಒಪ್ಪಲಿಲ್ಲ. "ಇವರನ್ನು ಮತ್ತೆ ತೆಗೆದುಕೊಳ್ಳಲು ಕಾರಣ ಬರೆಯಿರಿ" ಎಂದು ಕೇಳಿತು.

"ಬರಿ," ಎಂದರು ಅತ್ತಿಗೆ. "ಏನ್ ಬರೀತೀಯ ನೋಡಣ."

ನನ್ನವರು ಒಂದೇ ಬೆರಳಿನಲ್ಲಿ, ಹೊಲದಲ್ಲಿ ಬೀಜ ಊರುವ ಹಾಗೆ ಒತ್ತಿದರು. "ಅಕ್ಕ" ಎಂದು ಬರೆದು ಕಳಿಸಿದರು. ವಾಪಸ್ ಬಂತು.

"ಕಾರಣ ಸಾಲದಂತೆ ಅಪ್ಪ. ಇನ್ನೂ ಉದ್ದ ಬೇಕು."

"ಇದಕ್ಕಿಂತ ಏನ್ ಕಾರಣ ಬೇಕಂತೆ ಅದಕ್ಕೆ?" ಎಂದು ನನ್ನವರು ಮೊದಲ ಬಾರಿ ಸಿಟ್ಟಾದರು. ಮೈಲಿ ದೂರಕ್ಕೆ ಹಿಡಿದು ಓದುವವರಂತೆ ಫೋನನ್ನು ಚಾಚಿ ಹಿಡಿದರು, ಮತ್ತೆ ಹತ್ತಿರ ತಂದರು, ಒತ್ತಿದರು. ನಾನು ಪಕ್ಕದಲ್ಲಿದ್ದೆ, ಓದಿದೆ. "ಅಕ್ಕ ಇಲ್ಲದಿದ್ದರೆ ನನಗೆ ಮದುವೆ ಮಾಡಲು ಬರುವುದಿಲ್ಲ."

ಅತ್ತಿಗೆಯೂ ಓದಿರಬೇಕು. ಮೆಣಸಿನ ಬಳ್ಳಿಯಲ್ಲಿ ಒಣಗಿದ್ದ ಎಲೆಯೊಂದನ್ನು ಕಿತ್ತರು, ಒಣಗದ ಎಲೆಯೊಂದನ್ನೂ ಕಿತ್ತರು. "ಬಳ್ಳಿಗೆ ಮದ್ದು ಹೊಡ್ಸಿ ಅಂದ್ರೆ ಯಾರೂ ಕೇಳಲ್ಲ," ಎಂದರು ಭಾವನಿಗೆ.

ಅವರ ಸೆರಗಿನ ಗಂಟಿನಲ್ಲಿದ್ದ ಫೋನು ಟಿಂಗ್ ಎಂದಿತು. ಭಾವ ಅದನ್ನು ತೆಗೆದುಕೊಂಡು, ಎದೆ ಮುಂದೆ ಮಾಡಿ, ಎಸ್ಟೇಟಿನ ಬೆಳಗಿನ ದನಿಯಲ್ಲಿ ಕೂಗಿದರು:

"ಉಗ್ರಾಣ! ಐವತ್ತು ಪರ್ಸೆಂಟ್!"

"ಅರ್ಧನಾ?" ಅತ್ತಿಗೆ ನನ್ನ ಕಡೆ ತಿರುಗಿದರು. "ಮಿಕ್ಕಿದ್ದರ್ಧ ಯಾರು?"

"ನೀವೇ ಅತ್ತೆ!" ಎಂದು ಮಗಳು ಅವಸರದಲ್ಲಿ ಅವರ ಕೈ ಹಿಡಿದುಕೊಂಡಳು. "ಮಿಕ್ಕ ಅರ್ಧ ಅರಿಶಿನ. ಒಬ್ರಿಗೆ ಎಲ್ಲ ಸೇರಿ ನೂರಕ್ಕಿಂತ ಜಾಸ್ತಿ ಕೊಡಕ್ಕಾಗಲ್ಲ, ಅದು ಬಿಡಲ್ಲ."

"ನಿಮ್ ಕಂಪ್ನಿಯೋರು ಮದುವೆ ಮನೆನೇ ಕಂಡಿಲ್ಲ ಬಿಡು," ಎಂದರು ಅತ್ತಿಗೆ. ಒಪ್ಪಿಕೊಳ್ಳುವ ಗುಂಡಿಯನ್ನು ತಾವೇ ಒತ್ತಿದರು. ನಮ್ಮ ತಟ್ಟೆಯ ಅರಿಶಿನ ಕುಂಕುಮ ಆಮೇಲೆ ತೆಗೆದುಕೊಂಡರು.

ಈ ಮಾತನ್ನು ಮಗಳು ಆಫೀಸಿಗೂ ಮುಟ್ಟಿಸಿದಳಂತೆ, ಒಬ್ಬರಿಗೆ ನೂರಕ್ಕಿಂತ ಹೆಚ್ಚು ಕೊಡುವ ದಾರಿ ಇರಬೇಕು ಎಂದು. ಅದು ಯಾವ ಉದ್ಯಮದಲ್ಲಿ ಬೇಕಾಗುತ್ತದೆ ಎಂದು ಅವರು ಕೇಳಿದರಂತೆ.

ಚಪ್ಪರದ ದಿನ ಕಾರು ಕಳಿಸುತ್ತೇವೆಂದರೂ ಕೇಳದೆ ಅತ್ತಿಗೆ ಬೆಳಗಿನ ಬಸ್ಸಿಗೇ ಬಂದರು. ಚೀಲಗಳ ಗಂಟಿನ ಜೊತೆ ಹೊಸದೊಂದು ಬೀಗವೂ ಇತ್ತು. ನಮ್ಮ ಬೀಗದ ಮೇಲೆ ಅವರಿಗೆ ನಂಬಿಕೆಯಿಲ್ಲವೆಂದಲ್ಲ, ಅದರ ಇನ್ನೊಂದು ಕೀಲಿ ನನ್ನ ಹತ್ತಿರ ಇದೆಯಲ್ಲ, ಅದಕ್ಕೆ. ಚಿಕ್ಕಮಾವ ಸೀಟಿ ಕೊರಳಿಗೆ ಹಾಕಿಕೊಂಡು ಗೇಟಿನಲ್ಲಿ ನಿಂತು, ನಡೆದು ಬಂದವರನ್ನೂ ಎಡಕ್ಕೆ ಕಳಿಸುತ್ತಿದ್ದರು.

ಮಗಳನ್ನು ಮಣೆಯ ಮೇಲೆ ಕೂರಿಸಿದೆವು. ಅತ್ತಿಗೆ ಬಟ್ಟಲು ಹಿಡಿದು ಬಂದು, ಗಲ್ಲ ಹಿಡಿದೆತ್ತಿ, ಎಡ ಕೆನ್ನೆಗೆ ಅರಿಶಿನ ಸವರಿದರು. ಹಣೆಗೆ ಹಚ್ಚಿ ಮೂಗಿನ ಹತ್ತಿರ ಬಂದಿದ್ದರು. ಅಷ್ಟರಲ್ಲಿ ಅಡುಗೆಯವರ ಕಡೆಯ ಆಳು ಬಾಗಿಲಲ್ಲಿ ನಿಂತು ಏಲಕ್ಕಿ ಬೇಕೆಂದ. ಅವನ ಕೈಯಲ್ಲಿ ಸೌದೆ ತುಂಬುವ ಬುಟ್ಟಿಯಷ್ಟು ದೊಡ್ಡ ಪಾತ್ರೆ.

"ತಡಿ ಮಗಾ, ಬಂದೆ," ಎಂದು ಅತ್ತಿಗೆ ಬಟ್ಟಲನ್ನು ನೆಲದ ಮೇಲಿಟ್ಟು, ಅರಿಶಿನದ ಕೈಯಲ್ಲೇ ಸೊಂಟದ ಕೀಲಿ ಎಳೆದುಕೊಂಡು ಎದ್ದು ಹೋದರು. ಹೆಂಗಸರ ಹಾಡು ನಡುವೆ ನಿಂತಿತು. ಉಗ್ರಾಣದ ಕಡೆಯಿಂದ ವಾದ ಕೇಳಿಸತೊಡಗಿತು.

"ಬಲಗಡೆದು ನಾನು ಹಚ್ಲಾ?" ಎಂದು ನಾನು ಬಟ್ಟಲಿಗೆ ಕೈಯಿಟ್ಟೆ.

ಅರ್ಧ ಮುಖ ಹಳದಿಯಾಗಿ ಕೂತಿದ್ದ ಮಗಳು ತಲೆಯಾಡಿಸಿದಳು. "ಬೇಡಮ್ಮ. ಅತ್ತೆ ಬರ್ಲಿ."

ಎಡ ಕೆನ್ನೆಯ ಅರಿಶಿನ ಒಣಗಿ ಬಿರಿಯುತ್ತಿತ್ತು. ಅವಳು ನಗದಂತೆ ಮುಖ ಬಿಗಿ ಹಿಡಿದುಕೊಂಡು, ಉಗ್ರಾಣದ ಬಾಗಿಲು ನೋಡುತ್ತಾ ಕೂತಳು.